ಬಯೋಸ್ ಅಪ್‌ಡೇಟ್ ಆದ ಮೇಲೆ ಹಾರ್ಡ್ ಡಿಸ್ಕ್‌ಗಳು ಮಾಯ: ಇನಿಶಿಯಲೈಸ್ ಒತ್ತುವ ಮೊದಲು ಇದನ್ನು ಓದಿ

ಪ್ರಶ್ನೆ: ನನ್ನ ಡೆಸ್ಕ್‌ಟಾಪ್‌ನ ಮದರ್‌ಬೋರ್ಡ್‌ಗೆ ಹೊಸ ಬಯೋಸ್ ಹಾಕಿದೆ. ಅಪ್‌ಡೇಟ್ ತೊಂದರೆಯಿಲ್ಲದೆ ಮುಗಿಯಿತು. ವಿಂಡೋಸ್ ಕೂಡ ಎಂದಿನಂತೆ ತೆರೆಯಿತು. ಆದರೆ ಡೇಟಾ ಇಟ್ಟಿದ್ದ ಡ್ರೈವ್‌ಗಳು ಕಾಣುತ್ತಿಲ್ಲ. ಮೊದಲು ಡಿ ಡ್ರೈವ್ 7.27 ಟಿಬಿ ಅಂತ ತೋರಿಸುತ್ತಿತ್ತು. ಒಳಗೆ ಇರುವುದು 4 ಟಿಬಿಯ ಎರಡು ಹಾರ್ಡ್ ಡಿಸ್ಕ್; ಸಿಸ್ಟಮ್ ಜೋಡಿಸಿಕೊಟ್ಟ ಗೆಳೆಯ ಅವನ್ನು ಒಂದೇ ಡ್ರೈವ್ ಆಗಿ ಮಾಡಿಕೊಟ್ಟಿದ್ದ. ಈಗ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ 3726 ಜಿಬಿಯ ಎರಡು ಡಿಸ್ಕ್ ಬೇರೆ ಬೇರೆಯಾಗಿ ಕಾಣುತ್ತಿವೆ, ಇನಿಶಿಯಲೈಸ್ ಮಾಡಬೇಕು ಅನ್ನುತ್ತಿದೆ. ಹೆದರಿ ಕ್ಯಾನ್ಸಲ್ ಒತ್ತಿದೆ. ಇನ್ನೊಂದು 2 ಟಿಬಿ ಹಾರ್ಡ್ ಡಿಸ್ಕ್ ಇತ್ತು, ಅದು ವಿಂಡೋಸ್‌ನಲ್ಲೂ ಇಲ್ಲ, ಬಯೋಸ್‌ನಲ್ಲೂ ಇಲ್ಲ. ಹಳೆಯ ಬಯೋಸ್ ಮತ್ತೆ ಹಾಕಿದರೆ ಎಲ್ಲ ವಾಪಸ್ ಬರುತ್ತಾ? ವರ್ಷಗಟ್ಟಲೆ ತೆಗೆದ ಫೋಟೋಗಳು ಆ ಡಿ ಡ್ರೈವ್‌ನಲ್ಲೇ ಇವೆ.

ಉತ್ತರ: ಕ್ಯಾನ್ಸಲ್ ಒತ್ತಿದ್ದು ತುಂಬಾ ಒಳ್ಳೆಯದಾಯಿತು. ನಿಮ್ಮ ಫೋಟೋಗಳು ಇದ್ದಲ್ಲೇ ಇರುವ ಸಾಧ್ಯತೆಯೇ ಜಾಸ್ತಿ. ಬಯೋಸ್ ಅಂದರೆ ಕಂಪ್ಯೂಟರ್ ಆನ್ ಆದ ಕೂಡಲೇ ಮೊದಲು ಓಡುವ ಮೂಲ ಸಾಫ್ಟ್‌ವೇರ್. ಅದರ ಅಪ್‌ಡೇಟ್ ಬರೆಯುವುದು ಮದರ್‌ಬೋರ್ಡ್ ಮೇಲಿರುವ ಒಂದು ಸಣ್ಣ ಫ್ಲ್ಯಾಶ್ ಚಿಪ್‌ಗೆ. ಈಗಿನ ಬೋರ್ಡ್‌ಗಳಲ್ಲಿ ಅದರ ಅಳತೆ ಸಾಮಾನ್ಯವಾಗಿ 16 ಅಥವಾ 32 ಎಂಬಿ, ಅಷ್ಟೇ. ಹಾರ್ಡ್ ಡಿಸ್ಕ್‌ನಲ್ಲಿರುವ ಫೈಲುಗಳಿಗೂ ಆ ಕೆಲಸಕ್ಕೂ ಸಂಬಂಧವಿಲ್ಲ. ಆದರೆ ಅಪ್‌ಡೇಟ್ ಆಗುವಾಗ ಹಿಂದೆ ಮಾಡಿಟ್ಟ ಸೆಟ್ಟಿಂಗ್‌ಗಳೆಲ್ಲ ಅಳಿಸಿಹೋಗಿ ಕಂಪನಿ ಕೊಟ್ಟ ಮೂಲ ಸೆಟ್ಟಿಂಗ್‌ಗಳು ಬಂದು ಕೂರುತ್ತವೆ. ಡಿಸ್ಕ್‌ಗಳನ್ನು ಹೇಗೆ ಓದಬೇಕು, ಯಾವ ಪೋರ್ಟ್ ಚಾಲೂ ಇರಬೇಕು, ಯಾವುದರಿಂದ ಬೂಟ್ ಆಗಬೇಕು ಅನ್ನುವುದೆಲ್ಲ ಅಲ್ಲೇ ಇದ್ದದ್ದು. ಡಿಸ್ಕ್ ಕಾಣದೇ ಹೋಗುವುದು ಬಹುಪಾಲು ಇದರಿಂದಲೇ.

ಹಾಗಾಗಿ ಈಗ ಒಂದೇ ನಿಯಮ. ಡಿಸ್ಕ್ ಯಾಕೆ ಕಾಣುತ್ತಿಲ್ಲ ಅಂತ ಖಚಿತವಾಗುವವರೆಗೆ ಅದರ ಮೇಲೆ ಏನನ್ನೂ ಬರೆಯಬೇಡಿ. ಇನಿಶಿಯಲೈಸ್ ಬೇಡ, ಫಾರ್ಮ್ಯಾಟ್ ಬೇಡ, ಚೆಕ್‌ಡಿಸ್ಕ್ ಬೇಡ. ಡೇಟಾ ರಿಕವರಿ ಸಾಫ್ಟ್‌ವೇರ್ ಹಾಕಿ "ರಿಪೇರ್" ಒತ್ತುವುದೂ ಬೇಡ. ಇನಿಶಿಯಲೈಸ್ ಅನ್ನೋದು ಕೇಳಲು ಸೌಮ್ಯವಾಗಿದೆ. ಮೊದಲ ಸಲ ಬಳಸುವ ಖಾಲಿ ಡಿಸ್ಕ್‌ಗೆ ಅದು ಸರಿ. ತುಂಬಿದ ಡಿಸ್ಕ್ ಮೇಲೆ ಅದು ಮಾಡುವುದೇನು ಗೊತ್ತಾ? ಜಿಪಿಟಿ ಅನ್ನುವ ಪದ್ಧತಿ ಆರಿಸಿದರೆ ಡಿಸ್ಕ್‌ನ ಶುರುವಿನಲ್ಲಿ ಹೊಸ ಪಾರ್ಟಿಷನ್ ಪಟ್ಟಿ (ಡಿಸ್ಕನ್ನು ಯಾವ ಭಾಗಗಳಾಗಿ ಹಂಚಿದೆ ಅನ್ನುವ ಪಟ್ಟಿ) ಬರೆಯುತ್ತದೆ, ಅದರ ನಕಲನ್ನು ಡಿಸ್ಕ್‌ನ ತೀರಾ ಕೊನೆಯಲ್ಲಿ ಬರೆಯುತ್ತದೆ. ಆ ಕೊನೆಯ ಜಾಗ ನಿಮ್ಮ ವಿಷಯದಲ್ಲಿ ಬಹಳ ಮುಖ್ಯ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಸಮಸ್ಯೆಯನ್ನು ಎರಡಾಗಿ ಒಡೆಯೋಣ. ಡಿಸ್ಕ್ ಕಳೆದುಹೋಗುವುದಕ್ಕೆ ಮೂರು ಹಂತಗಳಿವೆ. ಬಯೋಸ್‌ಗೇ ಕಾಣದಿರಬಹುದು. ಬಯೋಸ್‌ಗೆ ಕಂಡು ವಿಂಡೋಸ್‌ಗೆ ಕಾಣದಿರಬಹುದು. ವಿಂಡೋಸ್‌ಗೂ ಕಂಡು, ಅದರೊಳಗಿನ ಪಾರ್ಟಿಷನ್ ಮಾತ್ರ ಅರ್ಥವಾಗದಿರಬಹುದು. ನಿಮ್ಮ 4 ಟಿಬಿ ಜೋಡಿ ಮೂರನೇ ಹಂತದಲ್ಲಿ ನಿಂತಿದೆ. 2 ಟಿಬಿ ಡಿಸ್ಕ್ ಮೊದಲನೇ ಹಂತದಲ್ಲೇ ನಿಂತಿದೆ. ಎರಡಕ್ಕೂ ನೆಪ ಒಂದೇ ಅಪ್‌ಡೇಟ್ ಆಗಿದ್ದರೂ ಕಾರಣ ಬೇರೆ, ಪರಿಹಾರವೂ ಬೇರೆ. ಒಂದೇ ಮದ್ದು ಹುಡುಕಲು ಹೋದರೆ ಸುಮ್ನೆ ಸಮಯ ಹಾಳು.

ಮೊದಲು 4 ಟಿಬಿ ಜೋಡಿ.

ಎರಡು ಡಿಸ್ಕ್ ಸೇರಿ 7.27 ಟಿಬಿಯ ಒಂದೇ ಡ್ರೈವ್ ಆಗಿತ್ತು ಅಂದಿರಿ. ಈಗ ಎರಡೂ ಬಿಡಿಬಿಡಿಯಾಗಿವೆ. ನಿಮ್ಮ ಗೆಳೆಯ ಬಯೋಸ್‌ನಲ್ಲೇ ರೇಡ್ 0 (ಡಿಸ್ಕ್‌ಗಳನ್ನು ಒಂದಾಗಿ ಜೋಡಿಸುವ ಒಂದು ವಿಧಾನ) ಮಾಡಿಟ್ಟಿದ್ದರು ಅನ್ನುವುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ. ವಿಂಡೋಸ್‌ನ ಒಳಗೇ ಸೇರಿಸಿದ್ದರೆ ಲಕ್ಷಣ ಬೇರೆ ಇರುತ್ತಿತ್ತು. ಡೈನಾಮಿಕ್ ಡಿಸ್ಕ್ ಆಗಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ "ಡೈನಾಮಿಕ್" ಅಥವಾ "ಫಾರಿನ್" ಅಂತ ಬರುತ್ತಿತ್ತು. ಸ್ಟೋರೇಜ್ ಸ್ಪೇಸಸ್ ಆಗಿದ್ದರೆ ಬಿಡಿ ಡಿಸ್ಕ್‌ಗಳು ಅಲ್ಲಿ ಕಾಣುತ್ತಲೇ ಇರಲಿಲ್ಲ. ಅವೆರಡಕ್ಕೂ ಬಯೋಸ್‌ನ ರೇಡ್ ಸೆಟ್ಟಿಂಗ್ ಬೇಕಾಗಿಯೂ ಇಲ್ಲ.

ರೇಡ್ 0 ಅಂದರೆ ಒಂದೇ ಪುಸ್ತಕದ ಬೆಸ ಪುಟಗಳನ್ನು ಒಂದು ಕಪಾಟಿನಲ್ಲೂ ಸಮ ಪುಟಗಳನ್ನು ಇನ್ನೊಂದರಲ್ಲೂ ಇಟ್ಟ ಹಾಗೆ. ಪ್ರತಿ ಫೈಲನ್ನೂ ಸಣ್ಣ ತುಂಡು ಮಾಡಿ, ಸಾಮಾನ್ಯವಾಗಿ 64 ಅಥವಾ 128 ಕೆಬಿಯ ತುಂಡು, ಒಂದನ್ನು ಈ ಡಿಸ್ಕ್‌ಗೆ ಮುಂದಿನದನ್ನು ಆ ಡಿಸ್ಕ್‌ಗೆ ಬರೆಯುತ್ತಾ ಹೋಗುತ್ತದೆ. ಈಗ ಬಯೋಸ್‌ನಲ್ಲಿ ಸಾಟಾ (ಹಾರ್ಡ್ ಡಿಸ್ಕ್ ಜೋಡಿಸುವ ಸಂಪರ್ಕ) ಮೋಡ್ ರೇಡ್‌ನಿಂದ ಎಎಚ್‌ಸಿಐಗೆ, ಅಂದರೆ ಪ್ರತಿ ಡಿಸ್ಕನ್ನೂ ಬಿಡಿಯಾಗಿ ತೋರಿಸುವ ಮೋಡ್‌ಗೆ, ಬಂದಿದೆ, ಯಾಕೆಂದರೆ ಬಹುತೇಕ ಬೋರ್ಡ್‌ಗಳ ಮೂಲ ಸೆಟ್ಟಿಂಗ್ ಅದೇ. ಎಎಚ್‌ಸಿಐನಲ್ಲಿ ವಿಂಡೋಸ್‌ಗೆ ಎರಡು ಡಿಸ್ಕ್ ನೇರವಾಗಿ ಸಿಗುತ್ತವೆ. ಎರಡನೇ ಡಿಸ್ಕ್‌ನ ಶುರುವಿನಲ್ಲಿ ಪಾರ್ಟಿಷನ್ ಪಟ್ಟಿಯೇ ಇಲ್ಲ, ಇರುವುದು ಮೊದಲನೇ ಡಿಸ್ಕ್‌ನ ಮುಂದುವರಿದ ತುಂಡು. ಮೊದಲನೇ ಡಿಸ್ಕ್‌ನಲ್ಲಿ ಪಟ್ಟಿ ಇದೆ, ಆದರೆ ಅದು ಹೇಳುವ ಅಳತೆ ಡಿಸ್ಕ್‌ನ ನಿಜವಾದ ಅಳತೆಯ ಎರಡರಷ್ಟು. ವಿಂಡೋಸ್‌ಗೆ ತಲೆಬುಡ ತಿಳಿಯುವುದಿಲ್ಲ. ಅದಕ್ಕೇ ಇನಿಶಿಯಲೈಸ್ ಮಾಡಲಾ ಅಂತ ಕೇಳುತ್ತಿದೆ.

ಈ ಎರಡು ಡಿಸ್ಕ್ ಒಂದೇ ಜೋಡಿ, ತುಂಡಿನ ಅಳತೆ ಇಷ್ಟು, ಯಾವುದು ಮೊದಲು ಯಾವುದು ನಂತರ ಅನ್ನುವ ವಿವರ ಬಯೋಸ್‌ನಲ್ಲಿ ಇರುವುದಿಲ್ಲ. ಅದು ಆಯಾ ಡಿಸ್ಕ್‌ನ ಮೇಲೇ ಇರುತ್ತದೆ. ಉದಾಹರಣೆಗೆ ಇಂಟೆಲ್ ರೇಡ್‌ನಲ್ಲಿ ಅದು ಡಿಸ್ಕ್‌ನ ಕೊನೆಯ ಸೆಕ್ಟರ್‌ಗಳಲ್ಲಿ ಕೂತಿದೆ. ಜಿಪಿಟಿಯ ನಕಲು ಬರೆಯಲ್ಪಡುವ ಜಾಗವೂ ಅದೇ. ಇನಿಶಿಯಲೈಸ್ ಒತ್ತಿದ್ದರೆ ಶುರುವಿನ ಪಾರ್ಟಿಷನ್ ಪಟ್ಟಿಯೂ ಹೋಗುತ್ತಿತ್ತು, ಕೊನೆಯಲ್ಲಿರುವ ಈ ರೇಡ್ ಗುರುತೂ ಹೋಗುತ್ತಿತ್ತು. ನೀವು ಒತ್ತಲಿಲ್ಲ. ಹಾಗಾಗಿ ಆ ಗುರುತು ಇನ್ನೂ ಅಲ್ಲೇ ಇದೆ ಅಂತ ನಂಬಬಹುದು. ಬಯೋಸ್‌ಗೆ ಮತ್ತೆ ರೇಡ್ ಮೋಡ್ ಕೊಟ್ಟರೆ ಅದು ಗುರುತನ್ನು ಓದಿ ಜೋಡಿಯನ್ನು ತಾನೇ ಕಟ್ಟಿಕೊಳ್ಳುತ್ತದೆ. ಹೊಸದಾಗಿ ರೇಡ್ "ಕ್ರಿಯೇಟ್" ಮಾಡುವ ಅಗತ್ಯ ಖಂಡಿತ ಇಲ್ಲ. ಮಾಡಲೂಬಾರದು.

ಸೆಟ್ಟಿಂಗ್ ಎಲ್ಲಿದೆ ಅನ್ನುವುದು ಬೋರ್ಡ್‌ನಿಂದ ಬೋರ್ಡ್‌ಗೆ ಬದಲಾಗುತ್ತದೆ. ಮೊದಲು ಅಡ್ವಾನ್ಸ್‌ಡ್ ಮೋಡ್‌ಗೆ ಹೋಗಿ, ಬಹಳಷ್ಟು ಬೋರ್ಡ್‌ಗಳಲ್ಲಿ ಎಫ್7 ಅಥವಾ ಎಫ್2 ಕೀ. ಅಲ್ಲಿ "ಸಾಟಾ ಕಾನ್ಫಿಗರೇಷನ್", "ಸ್ಟೋರೇಜ್ ಕಾನ್ಫಿಗರೇಷನ್" ಅಥವಾ "ಐಓ ಪೋರ್ಟ್ಸ್" ಅನ್ನುವ ಹೆಸರಿನ ಮೆನು ಹುಡುಕಿ. ಏನನ್ನೂ ಬದಲಿಸುವ ಮುಂಚೆ ಈಗಿರುವ ಪ್ರತಿ ಪುಟದ ಫೋಟೋ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಆಮೇಲೆ ಸಾಟಾ ಮೋಡ್ ಅನ್ನು ರೇಡ್‌ಗೆ ಬದಲಿಸಿ, ಸೇವ್ ಮಾಡಿ, ರೀಸ್ಟಾರ್ಟ್ ಆಗುವಾಗ ವಿಂಡೋಸ್‌ಗೆ ಬಿಡದೆ ಮತ್ತೆ ಬಯೋಸ್‌ಗೇ ಬನ್ನಿ. ಇದು ಮುಖ್ಯ. ರೇಡ್ ಮೋಡ್ ಸೇವ್ ಆಗಿ ಒಂದು ಸಲ ರೀಸ್ಟಾರ್ಟ್ ಆದ ಮೇಲಷ್ಟೇ ರೇಡ್‌ನ ಸ್ವಂತ ಮೆನು ಬಯೋಸ್‌ನಲ್ಲಿ ಕಾಣುತ್ತದೆ. ಇಂಟೆಲ್ ಬೋರ್ಡ್ ಆದರೆ "ಇಂಟೆಲ್ ರ್‍ಯಾಪಿಡ್ ಸ್ಟೋರೇಜ್ ಟೆಕ್ನಾಲಜಿ" ಅಂತ, ಎಎಂಡಿ ಆದರೆ "ರೇಡ್‌ಎಕ್ಸ್‌ಪರ್ಟ್2" ಅಂತ. ಒಳಗೆ ಹೋಗಿ ನೋಡಿ. 8 ಟಿಬಿ ಸುಮಾರಿನ ಒಂದು ವಾಲ್ಯೂಮ್, ಕೆಳಗೆ ಎರಡು ಡಿಸ್ಕ್‌ಗಳ ಸೀರಿಯಲ್ ನಂಬರ್, ಸ್ಥಿತಿ "ನಾರ್ಮಲ್" ಅಂತಿದ್ದರೆ ಕೆಲಸ ಮುಗಿದ ಹಾಗೆ. ಏನನ್ನೂ ಒತ್ತದೆ ಹೊರಗೆ ಬಂದು ವಿಂಡೋಸ್‌ಗೆ ಹೋಗಿ.

ಆ ಮೆನು ಕಾಣಲೇ ಇಲ್ಲ ಅಂದರೆ ಸಿಎಸ್‌ಎಂ (ಹಳೆಯ ಬೂಟ್ ಪದ್ಧತಿಗೆ ಅವಕಾಶ ಕೊಡುವ) ಸೆಟ್ಟಿಂಗ್ ಏನಾಗಿದೆ ನೋಡಿ. ಅದು ಆನ್ ಆಗಿ, ಸ್ಟೋರೇಜ್ ಆಯ್ಕೆ "ಲೆಗಸಿ" (ಹಳೆಯ ಪದ್ಧತಿ) ಆಗಿದ್ದರೆ ರೇಡ್ ಮೆನು ಬಯೋಸ್‌ನ ಒಳಗೆ ಬರುವುದಿಲ್ಲ. ಹಳೆಯ ಇಂಟೆಲ್ ಬೋರ್ಡ್‌ಗಳಲ್ಲಿ ಆಗ ಬೂಟ್ ಆಗುವಾಗ ಕಂಟ್ರೋಲ್ ಜೊತೆ ಐ ಒತ್ತಿ ಅದನ್ನು ತೆರೆಯಬೇಕು.

ಹೊಸ ಇಂಟೆಲ್ ಬೋರ್ಡ್‌ಗಳಲ್ಲಿ ಒಂದು ಮೆಟ್ಟಿಲು ಜಾಸ್ತಿ ಇದೆ, ವಿಎಂಡಿ ಅನ್ನುವ ಇಂಟೆಲ್‌ನ ಸ್ಟೋರೇಜ್ ನಿಯಂತ್ರಣ ವ್ಯವಸ್ಥೆ. 11ನೇ ತಲೆಮಾರಿನ ಲ್ಯಾಪ್‌ಟಾಪ್‌ಗಳಿಂದ ಇದು ಬಳಕೆಗೆ ಬಂತು, 12ನೇ ತಲೆಮಾರಿನಿಂದ ಡೆಸ್ಕ್‌ಟಾಪ್‌ಗಳಲ್ಲೂ ಸಾಮಾನ್ಯ. ಇಲ್ಲಿ ಸಾಟಾ ಮೋಡ್ ಅನ್ನುವ ಜಾಗದಲ್ಲಿ ರೇಡ್ ಆಯ್ಕೆಯೇ ಇಲ್ಲದಿರಬಹುದು. ವಿಎಂಡಿ ಕಂಟ್ರೋಲರ್ ಚಾಲೂ ಮಾಡಿ, ಅದರ ಕೆಳಗೆ ಸಾಟಾ ಕಂಟ್ರೋಲರನ್ನು ಸೇರಿಸಬೇಕು. ಅದೇ ಮೆನುವಿನಲ್ಲಿ ಪಿಸಿಐಇ ಸ್ಟೋರೇಜ್ (ಎನ್‌ವಿಎಂಇ ಅನ್ನುವ ವೇಗದ ಎಸ್‌ಎಸ್‌ಡಿಗಳು) ಅನ್ನೂ ಸೇರಿಸುವ ಆಯ್ಕೆ ಇರುತ್ತದೆ. ನಿಮ್ಮ ವಿಂಡೋಸ್ ಎನ್‌ವಿಎಂಇ ಎಸ್‌ಎಸ್‌ಡಿಯಲ್ಲಿದ್ದರೆ, ಅದು ಈಗ ಸರಿಯಾಗಿ ಬೂಟ್ ಆಗುತ್ತಿದೆ ಅಲ್ವಾ? ಆ ಎಸ್‌ಎಸ್‌ಡಿಯ ಗೊಡವೆಗೆ ಹೋಗಬೇಡಿ. ಸಾಟಾ ಮಾತ್ರ ಸೇರಿಸಿ. ಎಎಂಡಿ ಬೋರ್ಡ್‌ನಲ್ಲೂ ಇದೇ ಮಾತು. ಅಲ್ಲಿ ಸಾಟಾ ರೇಡ್ ಬೇರೆ, ಎನ್‌ವಿಎಂಇ ರೇಡ್ ಬೇರೆ ಸ್ವಿಚ್. ಮುಟ್ಟಬೇಕಾದ್ದು ಮೊದಲನೆಯದು ಮಾತ್ರ.

ಮೋಡ್ ಬದಲಿಸಿದ ಮೇಲೆ ವಿಂಡೋಸ್ ನೀಲಿ ಪರದೆ ತೋರಿಸಿ "ಇನಾಕ್ಸೆಸಿಬಲ್ ಬೂಟ್ ಡಿವೈಸ್" ಅಂದರೆ ಗಾಬರಿ ಬೇಡ. ಬೂಟ್ ಡಿಸ್ಕನ್ನು ಯಾವ ಡ್ರೈವರ್‌ನಿಂದ ಓದಬೇಕು ಅನ್ನುವ ಲೆಕ್ಕ ತಪ್ಪಿದೆ ಅಂತಷ್ಟೇ ಅದರ ಅರ್ಥ. ಬಯೋಸ್‌ಗೆ ಹೋಗಿ ಹಿಂದಿನ ಸೆಟ್ಟಿಂಗ್‌ಗೆ ತನ್ನಿ, ವಿಂಡೋಸ್ ಮತ್ತೆ ತೆರೆಯುತ್ತದೆ. ಆಮೇಲೆ ವಿಂಡೋಸ್‌ನ ಎಂಎಸ್‌ಕಾನ್ಫಿಗ್ ಅನ್ನುವ ಸಾಧನ ತೆರೆದು ಬೂಟ್ ಟ್ಯಾಬ್‌ನಲ್ಲಿ ಸೇಫ್ ಬೂಟ್ ಗುರುತು ಹಾಕಿ, ರೀಸ್ಟಾರ್ಟ್ ಮಾಡುವಾಗ ಬಯೋಸ್‌ನಲ್ಲಿ ಮೋಡ್ ಬದಲಿಸಿ. ಸೇಫ್ ಮೋಡ್‌ನಲ್ಲಿ ಒಮ್ಮೆ ಬೂಟ್ ಆದರೆ ಬೇಕಾದ ಡ್ರೈವರ್ ತಾನಾಗಿ ಎದ್ದುಕೊಳ್ಳುತ್ತದೆ. ನಂತರ ಸೇಫ್ ಬೂಟ್ ಗುರುತು ತೆಗೆದುಬಿಡಿ. ಇದನ್ನು ಮಾಡುವ ಮೊದಲು ವಿಂಡೋಸ್‌ನ ಪಾಸ್‌ವರ್ಡ್ ನೆನಪಿದೆಯಾ ನೋಡಿಕೊಳ್ಳಿ, ಸೇಫ್ ಮೋಡ್‌ನಲ್ಲಿ ನಾಲ್ಕಂಕಿಯ ಪಿನ್ ಕೆಲಸ ಮಾಡದೇ ಹೋಗಬಹುದು.

ರೇಡ್ ಮೆನುವಿನಲ್ಲಿ "ನಾರ್ಮಲ್" ಬದಲು "ಫೇಲ್ಡ್" ಅಂತ ಬಂದರೆ, ಅಥವಾ ಜೋಡಿಯಲ್ಲಿ ಒಂದೇ ಡಿಸ್ಕ್ ಕಂಡರೆ, ಅಲ್ಲೇ ನಿಲ್ಲಿಸಿ. ಆ ಮೆನುವಿನಲ್ಲಿ "ಡಿಲೀಟ್", "ರಿಸೆಟ್ ಟು ನಾನ್ ರೇಡ್", "ಕ್ರಿಯೇಟ್" ಅನ್ನುವ ಆಯ್ಕೆಗಳು ಪಕ್ಕಪಕ್ಕದಲ್ಲೇ ಇರುತ್ತವೆ. ಒಂದು ತಪ್ಪು ಎಂಟರ್ ಸಾಕು, ಗುರುತು ಅಳಿಸಿಹೋಗುತ್ತದೆ. ಆಗ ಮಾಡಬೇಕಾದ್ದು ಇಷ್ಟೇ: ಸಿಸ್ಟಮ್ ಆಫ್ ಮಾಡಿ, ಕಾಣದ ಡಿಸ್ಕ್‌ನ ಕೇಬಲ್ ನೋಡಿ. ಇಂಟೆಲ್ ರೇಡ್ ಆಗಿದ್ದರೆ ಲಿನಕ್ಸ್ ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಎಂಡಿಎಡಿಎಂ ಅನ್ನುವ ಸಾಧನದಿಂದ ಗುರುತನ್ನು ಓದಿ ನೋಡಬಹುದು. ಬರೀ ಓದುವುದು, ಬರೆಯುವುದಲ್ಲ. ರೇಡ್‌ನ ಹೆಸರು, ಬಗೆ, ಸದಸ್ಯ ಡಿಸ್ಕ್‌ಗಳ ಸೀರಿಯಲ್ ನಂಬರ್ ಎಲ್ಲ ಅಲ್ಲಿ ಬರುತ್ತದೆ. ಅದು ಬಂತು ಅಂದರೆ ಡೇಟಾ ಬದುಕಿರುವ ಸಾಧ್ಯತೆ ಜಾಸ್ತಿ. ಬರಲಿಲ್ಲ ಅಂದರೆ ರಿಕವರಿ ಬಲ್ಲವರ ಕೈಗೆ ಕೊಡುವುದು ವಾಸಿ. ಎರಡೂ ಡಿಸ್ಕ್‌ಗಳನ್ನು ಒಟ್ಟಿಗೇ ಕೊಡಿ, ಒಂದನ್ನೇ ಕೊಟ್ಟರೆ ಉಪಯೋಗವಿಲ್ಲ.

ಬಯೋಸ್‌ನಲ್ಲಿ ಎಲ್ಲ ಸರಿ ಇದೆ, ವಿಂಡೋಸ್‌ನಲ್ಲಿ ಮಾತ್ರ ಇಲ್ಲ ಅಂದರೆ ರೇಡ್ ಡ್ರೈವರ್ ಹಳೆಯದಾಗಿದೆ ಅಂತ ಅನುಮಾನಿಸಿ. ಹೊಸ ಬಯೋಸ್ ಜೊತೆ ಅದರೊಳಗಿನ ರೇಡ್ ಭಾಗವೂ ಹೊಸದಾಗಿರಬಹುದು. ನಿಮ್ಮ ಬೋರ್ಡ್‌ನ ಡೌನ್‌ಲೋಡ್ ಪುಟದಿಂದ ಹೊಸ ರೇಡ್ ಡ್ರೈವರ್ ಹಾಕಿ.

ಇದೇ ಸ್ಥಿತಿಯಲ್ಲಿರುವ, ಆದರೆ ರೇಡ್ 1 ಬಳಸುವ ಓದುಗರಿಗೆ ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ರೇಡ್ 1ರಲ್ಲಿ ಎರಡೂ ಡಿಸ್ಕ್‌ನಲ್ಲಿ ಒಂದೇ ಡೇಟಾ ಇರುತ್ತದೆ. ಎಎಚ್‌ಸಿಐಗೆ ಬಂದಾಗ ಅವು ಕಾಣದೇ ಹೋಗುವುದಿಲ್ಲ. ಬದಲಿಗೆ ಒಂದೇ ಥರದ ಎರಡು ಡಿಸ್ಕ್ ಆಗಿ ಎದುರಿಗೆ ಬರುತ್ತವೆ, ಸಾಮಾನ್ಯವಾಗಿ ಒಂದು ತೆರೆಯುತ್ತದೆ, ಇನ್ನೊಂದನ್ನು ವಿಂಡೋಸ್ ಗುರುತಿನ ಸಂಖ್ಯೆ ಒಂದೇ ಆಗಿದೆ ಅಂತ ಆಫ್‌ಲೈನ್ ಇಡುತ್ತದೆ. ಎಲ್ಲ ಚೆನ್ನಾಗಿದೆಯಲ್ಲ ಅಂದುಕೊಂಡು ಜನ ಕೆಲಸ ಮುಂದುವರಿಸುತ್ತಾರೆ. ಆಗ ಒಂದು ಡಿಸ್ಕ್ ಮಾತ್ರ ಬದಲಾಗುತ್ತಾ ಹೋಗುತ್ತದೆ. ವಾರದ ನಂತರ ರೇಡ್ ಮೋಡ್ ವಾಪಸ್ ಕೊಟ್ಟರೆ ಎರಡು ಡಿಸ್ಕ್‌ಗಳಲ್ಲಿ ಬೇರೆ ಬೇರೆ ವಿಷಯ, ಆದರೆ ರೇಡ್ ಎರಡೂ ಒಂದೇ ಅಂತ ನಂಬಿಕೊಂಡಿರುತ್ತದೆ. ಅರ್ಧ ಇದರಿಂದ ಅರ್ಧ ಅದರಿಂದ ಓದಿ ಫೈಲ್ ಸಿಸ್ಟಮ್ ಕೆಡುತ್ತದೆ. ಕಾಣದೇ ಹೋದ ಡಿಸ್ಕ್‌ಗಿಂತ ಇದು ಅಪಾಯ. ಹಾಗೆ ಬರೆದುಬಿಟ್ಟಿದ್ದರೆ, ಬರೆದ ಡಿಸ್ಕ್‌ನಲ್ಲಿರುವುದೆಲ್ಲವನ್ನೂ ಬೇರೆ ಕಡೆಗೆ ಕಾಪಿ ಮಾಡುವವರೆಗೆ ರೇಡ್ ಮೋಡ್ ಕೊಡಬೇಡಿ.

ಇನ್ನು ನಿಮ್ಮ 2 ಟಿಬಿ ಡಿಸ್ಕ್. ಅದು ಬಯೋಸ್‌ಗೇ ಕಾಣುತ್ತಿಲ್ಲ. ಹಾಗಾದರೆ ವಿಂಡೋಸ್‌ನಲ್ಲಿ ಹುಡುಕುವುದು ದಂಡ. ಡ್ರೈವರ್, ಪಾರ್ಟಿಷನ್ ಯಾವುದೂ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಮೊದಲು ಪೂರ್ತಿ ಆಫ್ ಮಾಡಿ. ಸ್ಟಾರ್ಟ್ ಮೆನುವಿನ ಶಟ್‌ಡೌನ್ ಸಾಲದು, ಫಾಸ್ಟ್ ಸ್ಟಾರ್ಟಪ್ ಇದ್ದರೆ ಅದು ಅರ್ಧ ನಿದ್ದೆ ಮಾತ್ರ. ಶಿಫ್ಟ್ ಕೀ ಹಿಡಿದುಕೊಂಡು ಶಟ್‌ಡೌನ್ ಒತ್ತಿ. ಪವರ್ ಸಪ್ಲೈ ಹಿಂದಿನ ಸ್ವಿಚ್ ಆಫ್ ಮಾಡಿ ಅರ್ಧ ನಿಮಿಷ ಬಿಡಿ. ಅಪ್‌ಡೇಟ್ ಮುಗಿದ ಮೇಲೆ ಬೋರ್ಡ್ ತಾನೇ ಒಂದೆರಡು ಸಲ ರೀಸ್ಟಾರ್ಟ್ ಆಗುತ್ತದೆ. ಆದರೆ ಡಿಸ್ಕ್‌ಗೆ ಕರೆಂಟ್ ಕಡಿದಿರುವುದಿಲ್ಲ. ಡಿಸ್ಕ್ ಹಳೆಯ ಸ್ಥಿತಿಯಲ್ಲೇ ಸಿಕ್ಕಿಕೊಂಡಿದ್ದರೆ ಇಷ್ಟರಿಂದಲೇ ಸರಿಹೋಗುವುದುಂಟು.

ಮತ್ತೆ ಆನ್ ಮಾಡಿದಾಗ ಕ್ಯಾಬಿನೆಟ್ ಪಕ್ಕಕ್ಕೆ ಕಿವಿ ಕೊಡಿ. ಹಾರ್ಡ್ ಡಿಸ್ಕ್ ತಿರುಗಲು ಶುರುವಾಗುವಾಗ ಒಂದು ಸಣ್ಣ ಏರುದನಿ ಕೇಳುತ್ತದೆ, ಕೈ ಇಟ್ಟರೆ ಸಣ್ಣಗೆ ನಡುಗುವುದು ಗೊತ್ತಾಗುತ್ತದೆ. ಸದ್ದೇ ಇಲ್ಲ ಅಂದರೆ ಪವರ್ ತಲುಪುತ್ತಿಲ್ಲ, ಅಥವಾ ಡಿಸ್ಕ್‌ನ ಬೋರ್ಡ್ ಕೆಟ್ಟಿದೆ. ಟಕ್ ಟಕ್ ಅಂತ ಒಂದೇ ಸಮನೆ ಬಡಿದುಕೊಂಡರೆ ಕೂಡಲೇ ಆಫ್ ಮಾಡಿ. ಅದು ಒಳಗಿನ ಹೆಡ್‌ನ ತೊಂದರೆ, ಬಯೋಸ್‌ಗೂ ಅದಕ್ಕೂ ಸಂಬಂಧವಿಲ್ಲ. ವರ್ಷಗಟ್ಟಲೆ ಓಡಿದ ಡಿಸ್ಕ್‌ಗಳು ಆಫ್ ಆಗಿ ಆನ್ ಆಗುವ ಹೊತ್ತಿನಲ್ಲಿ ಕೈಕೊಡುವುದು ಉಂಟು. ಅಪ್‌ಡೇಟ್ ದಿನವೇ ಹಾಗಾದರೆ ತಪ್ಪು ಅಪ್‌ಡೇಟ್ ಮೇಲೆ ಬರುತ್ತದೆ.

ಸದ್ದು ಸರಿಯಾಗಿದ್ದು ಬಯೋಸ್‌ಗೆ ಮಾತ್ರ ಕಾಣದಿದ್ದರೆ, ಆ ಡಿಸ್ಕ್ ಯಾವ ಸಾಟಾ ಪೋರ್ಟ್‌ನಲ್ಲಿದೆ ನೋಡಿ. ಬೋರ್ಡ್ ಮೇಲೆ ಪೋರ್ಟ್ ಪಕ್ಕದಲ್ಲೇ ನಂಬರ್ ಮುದ್ರಿಸಿರುತ್ತಾರೆ. ಅದು 5 ಅಥವಾ 6 ಆಗಿದ್ದರೆ ನನ್ನ ಅನುಮಾನ ನೇರ ಎಂ.2 ಸ್ಲಾಟ್ (ಬೋರ್ಡ್ ಮೇಲೆ ಎಸ್‌ಎಸ್‌ಡಿ ಕೂರಿಸುವ ಜಾಗ) ಮೇಲೆ. ಬಹಳಷ್ಟು ಬೋರ್ಡ್‌ಗಳಲ್ಲಿ ಒಂದು ಎಂ.2 ಸ್ಲಾಟ್ ಮತ್ತು ಕೊನೆಯ ಸಾಟಾ ಪೋರ್ಟ್‌ಗಳು ಒಂದೇ ದಾರಿಯನ್ನು ಹಂಚಿಕೊಂಡಿರುತ್ತವೆ. ಎಂ.2ನಲ್ಲಿ ಎಸ್‌ಎಸ್‌ಡಿ ಇದ್ದರೆ ಆ ಪೋರ್ಟ್‌ಗಳು ಬಂದ್. ಯಾವುದಕ್ಕೆ ದಾರಿ ಬಿಡಬೇಕು ಅನ್ನುವುದಕ್ಕೆ ಕೆಲವು ಬೋರ್ಡ್‌ಗಳ ಬಯೋಸ್‌ನಲ್ಲಿ ಆಯ್ಕೆ ಇದೆ. ಅಪ್‌ಡೇಟ್ ಆದಾಗ ಅದು ಆಟೋಗೆ ಮರಳಿ, ಆಟೋ ಎಂ.2 ಪರವಾಗಿ ತೀರ್ಮಾನಿಸಿರಬಹುದು. ಬೋರ್ಡ್‌ನ ಕೈಪಿಡಿಯಲ್ಲಿ ಸ್ಟೋರೇಜ್ ವಿವರದ ಕೆಳಗೆ ಸಣ್ಣ ಅಕ್ಷರದಲ್ಲಿ ಈ ಹಂಚಿಕೆ ಬರೆದಿರುತ್ತಾರೆ. ಅದನ್ನು ಒಮ್ಮೆ ಓದಿ. ಪರಿಹಾರ ಸುಲಭ: ಕೇಬಲನ್ನು ಖಾಲಿ ಇರುವ ಇನ್ನೊಂದು ಪೋರ್ಟ್‌ಗೆ ಬದಲಿಸಿ. ಆದರೆ 4 ಟಿಬಿ ಜೋಡಿಯ ಕೇಬಲ್‌ಗಳನ್ನು ಈಗ ಕದಲಿಸಬೇಡಿ. ಮೊದಲು ಆ ಜೋಡಿ ಮೇಲೇಳಲಿ.

ಪೋರ್ಟ್ ಬದಲಿಸಿದರೂ ಇಲ್ಲ ಅಂದರೆ ಇನ್ನು ಮೂರು ಕಡೆ ನೋಡಿ. ಪ್ರತಿ ಸಾಟಾ ಪೋರ್ಟ್‌ಗೂ ಎನೇಬಲ್, ಡಿಸೇಬಲ್ ಅಂತ ಬಯೋಸ್‌ನಲ್ಲಿ ಪ್ರತ್ಯೇಕ ಆಯ್ಕೆ ಇರುತ್ತದೆ. ಬೋರ್ಡ್‌ನಲ್ಲಿ ಎಎಸ್‌ಮೀಡಿಯಾದಂತಹ ಹೆಚ್ಚುವರಿ ಸಾಟಾ ಚಿಪ್ ಇದ್ದರೆ ಅದಕ್ಕೂ ಬೇರೆಯೇ ಸ್ವಿಚ್ ಇರುತ್ತದೆ, ಅದರಲ್ಲಿರುವ ಡಿಸ್ಕ್‌ಗಳು ಮುಖ್ಯ ಪಟ್ಟಿಯಲ್ಲಿ ಬಾರದಿರಬಹುದು. ಮೂರನೆಯದು ಫಾಸ್ಟ್ ಬೂಟ್. ಹಾರ್ಡ್ ಡಿಸ್ಕ್ ಪೂರ್ತಿ ವೇಗಕ್ಕೆ ಬರಲು ಹಲವು ಸೆಕೆಂಡ್ ಬೇಕು. ಅವಸರದ ಬಯೋಸ್ ಅಷ್ಟು ಹೊತ್ತು ಕಾಯದೆ ಮುಂದೆ ಹೋದರೆ ಡಿಸ್ಕ್ ಲೆಕ್ಕದಿಂದ ಹೊರಗೆ. ಫಾಸ್ಟ್ ಬೂಟ್ ಆಫ್ ಮಾಡಿ ನೋಡಿ.

ಇಷ್ಟರಲ್ಲೂ ಆಗದಿದ್ದರೆ ಆ ಡಿಸ್ಕನ್ನು ಬೇರೆ ಕಂಪ್ಯೂಟರ್‌ನ ಸಾಟಾ ಪೋರ್ಟ್‌ಗೆ ಹಾಕಿ. ಅಲ್ಲಿ ಕಂಡರೆ ಡಿಸ್ಕ್ ಸರಿ, ತೊಂದರೆ ನಿಮ್ಮ ಬೋರ್ಡ್ ಅಥವಾ ಕೇಬಲ್‌ನದು. ಯುಎಸ್‌ಬಿ ಡಾಕ್‌ನಲ್ಲಿ ನೋಡುವುದಾದರೆ ಒಂದು ಮಾತು ನೆನಪಿರಲಿ. ಕೆಲವು ಡಾಕ್‌ಗಳು ಸೆಕ್ಟರ್ ಅಳತೆಯನ್ನು ಬೇರೆ ಥರ ತೋರಿಸುತ್ತವೆ. ಆಗ ಚೆನ್ನಾಗಿರುವ ಡಿಸ್ಕ್ ಕೂಡ "ರಾ" ಅಂತ ಕಂಡು ಫಾರ್ಮ್ಯಾಟ್ ಮಾಡಲಾ ಅಂತ ಕೇಳುತ್ತದೆ. ಅಲ್ಲೂ ಬೇಡ ಅನ್ನಿ.

ಡಿಸ್ಕ್ ಬಯೋಸ್‌ಗೆ ಬಂದು ವಿಂಡೋಸ್‌ನಲ್ಲಿ ಡ್ರೈವ್ ಆಗಿ ಬರದಿದ್ದರೆ ಡಿಸ್ಕ್ ಮ್ಯಾನೇಜ್‌ಮೆಂಟ್ ನೋಡಿ. ಪಾರ್ಟಿಷನ್ ಇದ್ದು ಡ್ರೈವ್‌ನ ಅಕ್ಷರ (ಡಿ, ಇ ಥರದ್ದು) ಮಾತ್ರ ಇಲ್ಲದಿದ್ದರೆ ಒಂದು ಅಕ್ಷರ ಕೊಡಿ. ಆಫ್‌ಲೈನ್ ಅಂತಿದ್ದರೆ ರೈಟ್ ಕ್ಲಿಕ್ ಮಾಡಿ ಆನ್‌ಲೈನ್ ಕೊಡಿ. ಆದರೆ ರೇಡ್ 1ರ ಜೋಡಿಗೆ ಮಾತ್ರ ಇದನ್ನು ಮಾಡಬೇಡಿ, ಮೇಲೆ ಹೇಳಿದ ಅಪಾಯ ಅಲ್ಲೇ ಇರುವುದು.

ವಿಂಡೋಸ್ ಇರುವ ಡಿಸ್ಕೇ ಬೂಟ್ ಆಗದೆ ಪರದಾಡುವವರೂ ಬಹಳ ಮಂದಿ, ಅವರಿಗೆ ಚುಟುಕಾಗಿ ಹೇಳುತ್ತೇನೆ. ಡಿಸ್ಕ್ ಸ್ಟೋರೇಜ್ ಪಟ್ಟಿಯಲ್ಲಿದ್ದು ಬೂಟ್ ಪಟ್ಟಿಯಲ್ಲಿ ಇಲ್ಲದಿದ್ದರೆ ಮೊದಲ ಅನುಮಾನ ಸಿಎಸ್‌ಎಂ. ವಿಂಡೋಸ್ ಅನ್ನು ಹಳೆಯ ಎಂಬಿಆರ್ ಪಾರ್ಟಿಷನ್ ಪದ್ಧತಿಯಲ್ಲಿ ಹಾಕಿದ್ದರೆ, ಸಿಎಸ್‌ಎಂ ಆಫ್ ಆದ ಕೂಡಲೇ ಆ ಡಿಸ್ಕ್ ಬೂಟ್‌ಗೆ ಅನರ್ಹ. ಸದ್ಯಕ್ಕೆ ಸಿಎಸ್‌ಎಂ ಆನ್ ಮಾಡಿ ಒಳಗೆ ಹೋಗಿ. ಮುಂದೆ ಬಿಡುವಾದಾಗ, ಬ್ಯಾಕಪ್ ತೆಗೆದು, ವಿಂಡೋಸ್‌ನಲ್ಲೇ ಇರುವ ಎಂಬಿಆರ್2ಜಿಪಿಟಿ ಸಾಧನದಿಂದ ಡಿಸ್ಕ್ ಪದ್ಧತಿಯನ್ನು ಬದಲಿಸಿಕೊಳ್ಳಬಹುದು. ಲಿನಕ್ಸ್ ಬಳಸುವವರ ಬೂಟ್ ನಮೂದು ಬೋರ್ಡ್‌ನ ಮೆಮೊರಿಯಿಂದ ಅಳಿಸಿಹೋಗಿರುತ್ತದೆ, ಲೈವ್ ಪೆನ್‌ಡ್ರೈವ್‌ನಿಂದ ಎದ್ದು ಅದನ್ನು ಮತ್ತೆ ಬರೆಯಬೇಕು. ಸ್ಲಾಟ್‌ಗೆ ಹಾಕುವ ಕಾರ್ಡ್‌ನಲ್ಲಿ ನಾಲ್ಕು ಎನ್‌ವಿಎಂಇ ಇಟ್ಟವರಿಗೆ ಒಂದೇ ಕಂಡರೆ ಬೈಫರ್ಕೇಷನ್ (ಸ್ಲಾಟಿನ ದಾರಿಗಳನ್ನು ಹಂಚುವ) ಸೆಟ್ಟಿಂಗ್ ಹೋಗಿದೆ. ಆ ಸ್ಲಾಟನ್ನು ಮತ್ತೆ ನಾಲ್ಕು ನಾಲ್ಕು ಲೇನ್‌ಗಳಾಗಿ ಒಡೆಯಿರಿ. ರೈಸರ್ ಕೇಬಲ್‌ನಲ್ಲಿರುವ ಎಸ್‌ಎಸ್‌ಡಿ ಕಾಣದಿದ್ದರೆ ಪಿಸಿಐಇ ವೇಗವನ್ನು ಆಟೋದಿಂದ ಜೆನ್ 3ಕ್ಕೆ ಇಳಿಸಿ ನೋಡಿ.

ಬಿಟ್‌ಲಾಕರ್ (ವಿಂಡೋಸ್ ಡಿಸ್ಕ್‌ಗೆ ಹಾಕುವ ಬೀಗ) ಇರುವವರಿಗೆ ಪರದೆ ಮೇಲೆ 48 ಅಂಕಿಯ ರಿಕವರಿ ಕೀ ಕೇಳಬಹುದು. ಬಯೋಸ್ ಬದಲಾದದ್ದನ್ನು ಟಿಪಿಎಂ (ಆ ಬೀಗದ ಕೀ ಕಾಯುವ ಭದ್ರತಾ ಭಾಗ) ಗಮನಿಸಿದೆ ಅಂತಷ್ಟೇ ಅರ್ಥ. ಕೀ ಕೊಟ್ಟರೆ ತೆರೆಯುತ್ತದೆ. ಎಎಂಡಿ ಬೋರ್ಡ್‌ಗಳಲ್ಲಿ ಅಪ್‌ಡೇಟ್ ನಂತರ ಎಫ್‌ಟಿಪಿಎಂ (ಪ್ರೊಸೆಸರ್ ಒಳಗೇ ಇರುವ ಟಿಪಿಎಂ) ರಿಸೆಟ್ ಮಾಡಲು ವೈ ಅಥವಾ ಎನ್ ಒತ್ತಿ ಅನ್ನುವ ಕಪ್ಪು ಪರದೆ ಬರುವುದುಂಟು. ರಿಕವರಿ ಕೀ ಕೈಯಲ್ಲಿ ಇಲ್ಲದೆ ವೈ ಒತ್ತಬೇಡಿ.

ಈಗ ನೀವು ನೇರವಾಗಿ ಕೇಳಿದ್ದು: ಹಳೆಯ ಬಯೋಸ್‌ಗೆ ಹೋಗಲಾ? ಈಗ ಬೇಡ. ಹಳೆಯದನ್ನು ಹಾಕಿದರೂ ಸೆಟ್ಟಿಂಗ್‌ಗಳು ಮತ್ತೆ ಮೂಲಕ್ಕೇ ಹೋಗುತ್ತವೆ. ರೇಡ್ ಮೋಡ್ ಅಲ್ಲೂ ಕೈಯಿಂದಲೇ ಕೊಡಬೇಕು. ಹಿಂದೆ ಸೇವ್ ಮಾಡಿಟ್ಟ ಪ್ರೊಫೈಲ್‌ಗಳು ಅಪ್‌ಡೇಟ್‌ನಲ್ಲೇ ಅಳಿಸಿಹೋಗಿರುತ್ತವೆ, ಅಥವಾ ಬೇರೆ ಆವೃತ್ತಿಯವು ಅಂತ ತಿರಸ್ಕಾರವಾಗುತ್ತವೆ. ಕೆಲವು ಬೋರ್ಡ್‌ಗಳು ಹಿಂದಕ್ಕೆ ಹೋಗಲು ಬಿಡುವುದೂ ಇಲ್ಲ. ಜೊತೆಗೆ ಅಪ್‌ಡೇಟ್ ಯಾಕೆ ಬಂತು ಅನ್ನುವುದನ್ನೂ ನೋಡಬೇಕು. 2023ರಲ್ಲಿ ರೈಜನ್ 7000 ಎಕ್ಸ್3ಡಿ ಪ್ರೊಸೆಸರ್‌ಗಳು ಸುಟ್ಟುಹೋಗುತ್ತಿದ್ದಾಗ ಎಸ್‌ಓಸಿ (ಪ್ರೊಸೆಸರ್‌ನ ಒಂದು ಭಾಗದ) ವೋಲ್ಟೇಜನ್ನು 1.3 ವೋಲ್ಟ್‌ಗೆ ಮಿತಿಗೊಳಿಸಿದ್ದು ಬಯೋಸ್ ಮೂಲಕವೇ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ವೋಲ್ಟೇಜ್ ತೊಂದರೆಗೆ ಮದ್ದು ಬಂದದ್ದೂ ಬಯೋಸ್ ಮೂಲಕವೇ. ನಿಮ್ಮದು ಅಂಥ ಪ್ರೊಸೆಸರ್ ಆಗಿದ್ದರೆ ಹಳೆಯ ಬಯೋಸ್ ಹಾಕುವುದೆಂದರೆ ಡಿಸ್ಕ್ ಉಳಿಸಲು ಹೋಗಿ ಪ್ರೊಸೆಸರ್ ಕಳೆದುಕೊಳ್ಳುವ ದಾರಿ. ಮೇಲೆ ಹೇಳಿದ್ದೆಲ್ಲ ಮಾಡಿ, 2 ಟಿಬಿ ಡಿಸ್ಕ್ ಬೇರೆ ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಓಡಿ, ನಿಮ್ಮ ಬೋರ್ಡ್‌ನ ಯಾವ ಪೋರ್ಟ್‌ನಲ್ಲೂ ಕಾಣದೇ ಹೋದರೆ ಆಗ ಹೊಸ ಬಯೋಸ್‌ನಲ್ಲೇ ದೋಷವಿರಬಹುದು. ಆಗಲೂ ಮೊದಲು ಅದಕ್ಕಿಂತ ಹೊಸ ಆವೃತ್ತಿ ಬಂದಿದೆಯಾ ನೋಡಿ, ಆಮೇಲೆ ಹಿಂದಕ್ಕೆ ಹೋಗುವ ಯೋಚನೆ.

ಮುಂದಿನ ಸಲ ಅಪ್‌ಡೇಟ್ ಮಾಡುವ ಮುನ್ನ ಬಯೋಸ್‌ನ ಪ್ರತಿ ಪುಟದ ಫೋಟೋ ತೆಗೆದಿಡಿ. ಬಿಟ್‌ಲಾಕರ್ ಇದ್ದರೆ ಸಸ್ಪೆಂಡ್ ಮಾಡಿ, ರಿಕವರಿ ಕೀ ಬೇರೆ ಕಡೆ ಬರೆದಿಡಿ.

ಕೊನೆಗೆ ಆ 7.27 ಟಿಬಿ ಡ್ರೈವ್ ಬಗ್ಗೆ. ಅದು ವಾಪಸ್ ಬಂದ ಕೂಡಲೇ ಬೇರೆ ಯಾವ ಕೆಲಸಕ್ಕೂ ಕೈ ಹಾಕಬೇಡಿ, ಫೋಟೋಗಳನ್ನು ಮೊದಲು ಹೊರಗಿನ ಡಿಸ್ಕ್‌ಗೆ ಕಾಪಿ ಮಾಡಿ. ಬೇರೆ ಬೇರೆ ವರ್ಷದ ಫೋಲ್ಡರ್‌ಗಳಿಂದ ಕೆಲವು ದೊಡ್ಡ ಫೋಟೋ, ವಿಡಿಯೋಗಳನ್ನು ಕಾಪಿಯಿಂದಲೇ ತೆರೆದು ಪೂರ್ತಿ ಓಡಿಸಿ ನೋಡಿ. ಜೋಡಣೆಯಲ್ಲಿ ಎಲ್ಲಾದರೂ ತಪ್ಪಿದ್ದರೆ ಸಣ್ಣ ಫೈಲುಗಳು ತೆರೆದರೂ ದೊಡ್ಡವು ಮಧ್ಯದಲ್ಲಿ ಕೆಟ್ಟಿರಬಹುದು. ರೇಡ್ 0 ವೇಗಕ್ಕೆ ಮಾಡಿದ್ದು, ಎರಡರಲ್ಲಿ ಯಾವ ಡಿಸ್ಕ್ ಕೆಟ್ಟರೂ ಎರಡರ ಡೇಟಾ ಹೋಗುತ್ತದೆ. ಫೋಟೋ ಇಡಲು ಅದು ತಕ್ಕ ಜಾಗವಲ್ಲ. ಕಾಪಿ ಸರಿಯಾಗಿದೆ ಅಂತ ಖಚಿತವಾದ ಮೇಲೆ ರೇಡ್ ಬಿಚ್ಚಿ, ಎಎಚ್‌ಸಿಐಗೆ ಬಂದು, ಎರಡನ್ನೂ ಬೇರೆ ಬೇರೆ ಡಿಸ್ಕ್ ಆಗಿ ಬಳಸಿ. ಆಗ ವಿಂಡೋಸ್ ಇನಿಶಿಯಲೈಸ್ ಮಾಡಲಾ ಅಂತ ಮತ್ತೆ ಕೇಳುತ್ತದೆ. ಆ ಸಲ ಹೂಂ ಅನ್ನಬಹುದು.